ಗಾಳಿ ಹಿಡಿದ ಪಂಪು

ಬೇಸಿಗೆಯಲ್ಲಿ ತೆರೆದ ಬಾವಿಯ ನೀರು ಇಳಿದಾಗ ಊರಿನಲ್ಲಿ ಒಂದು ಪುಟ್ಟ ನಾಟಕ ನಡೆಯುತ್ತದೆ. ದಡದ ಮೇಲಿನ ಮೋಟರ್ ಜೋರಾಗಿ ತಿರುಗುತ್ತಿರುತ್ತದೆ, ಪೈಪಿನ ಬಾಯಲ್ಲಿ ಹನಿ ನೀರಿಲ್ಲ. ‘ಗಾಳಿ ಹಿಡಿದಿದೆ, ಆಫ್ ಮಾಡೋ’ ಎನ್ನುತ್ತಾ ಯಾರೋ ಬರುತ್ತಾರೆ. ಪಂಪಿನ ತಲೆಯ ಬಿರಡೆ ಬಿಚ್ಚಿ, ಚೊಂಬಿನಿಂದ ನೀರು ಸುರಿದು ಮತ್ತೆ ಹಾಕುತ್ತಾರೆ. ಈ ಸಲ ಮೋಟರಿನ ಸದ್ದು ಬದಲಾಗುತ್ತದೆ, ದಪ್ಪವಾಗುತ್ತದೆ. ಹೊರೆ ಬಿತ್ತು, ನೀರು ಬಂತು.

ನೀರು ಇನ್ನೂ ಕೆಳಗೆ ಹೋದರೆ ಚೊಂಬಿನ ಉಪಾಯವೂ ನಡೆಯುವುದಿಲ್ಲ. ಪಂಪನ್ನೇ ಕೆಳಗಿಳಿಸಬೇಕು. ಯಾಕೆಂದರೆ ನಿಜವಾಗಿ ಯಾವ ಪಂಪೂ ನೀರನ್ನು ಎಳೆಯುವುದಿಲ್ಲ. ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೇ. ಮೇಲಕ್ಕೆ ಒತ್ತುವುದು ಬಾವಿಯ ನೀರಿನ ಮೇಲೆ ಕೂತಿರುವ ವಾತಾವರಣ. ಅದರ ಶಕ್ತಿಗೆ ಲೆಕ್ಕದ ಪ್ರಕಾರ 10.3 ಮೀಟರ್ ಮಿತಿ. ನಿಜವಾದ ಪಂಪಿಗೆ ಏಳೆಂಟು ಮೀಟರ್ ದಾಟಿದರೇ ಕಷ್ಟ. ತಳ್ಳುವುದಕ್ಕೆ ಈ ಮಿತಿಯಿಲ್ಲ. ಬೋರ್‌ವೆಲ್ ಮೋಟರ್ ನೂರಾರು ಅಡಿ ಆಳದಲ್ಲಿ ನೀರೊಳಗೇ ಮುಳುಗಿರುವುದು ಅದಕ್ಕೇ ಅಲ್ವಾ?

ಪುಟ್ಟ ವಿಮಾನ ಕಟ್ಟುವವರ ತಲೆನೋವೂ ಇದೇ. ನೀರಿನ ಬದಲು ಪೆಟ್ರೋಲು, ಬಾವಿಯ ಬದಲು ರೆಕ್ಕೆಯೊಳಗಿನ ಟ್ಯಾಂಕು. ಒಂದೇ ವ್ಯತ್ಯಾಸ: ಇಲ್ಲಿ ಪಂಪಿಗೆ ಗಾಳಿ ಹಿಡಿದರೆ ಚೊಂಬು ತರಲು ಹೋಗುವ ಹಾಗಿಲ್ಲ.

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟುವ ಸಾವಿರಾರು ಜನರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿ, ಖುಷಿಗಾಗಿ ತಾವೇ ಮಾಡಿದ್ದರೆ ಸರ್ಕಾರ ಆ ವಿಮಾನಕ್ಕೆ ‘ಎಕ್ಸ್‌ಪೆರಿಮೆಂಟಲ್’ ಎಂಬ ಹಣೆಪಟ್ಟಿ ಕೊಟ್ಟು ಹಾರಲು ಬಿಡುತ್ತದೆ. ಆರೆಗಾನ್ ರಾಜ್ಯದ ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯ ಕಿಟ್‌ಗಳು ಇವರಲ್ಲಿ ತುಂಬಾ ಜನಪ್ರಿಯ. ಆ ಸರಣಿಯ ಬಹುತೇಕ ವಿಮಾನಗಳ ರೆಕ್ಕೆ ಇರುವುದು ಕೆಳಗೆ, ಟ್ಯಾಂಕು ರೆಕ್ಕೆಯಲ್ಲಿ. ಎಂಜಿನ್ ಅದಕ್ಕಿಂತ ಮೇಲೆ. ಸೆಸ್ನಾ 152ರಂತೆ ರೆಕ್ಕೆ ತಲೆಯ ಮೇಲಿದ್ದರೆ ಪೆಟ್ರೋಲು ಸುಮ್ನೆ ಇಳಿದುಕೊಂಡು ಬರುತ್ತದೆ, ಪಂಪೇ ಬೇಡ. ರೈಟ್ ಸಹೋದರರು 1903ರಲ್ಲಿ ಮಾಡಿದ್ದೂ ಅದನ್ನೇ. ಮೇಲೊಂದು ಪುಟ್ಟ ಡಬ್ಬಿ ಕಟ್ಟಿದ್ದರು. ಅವರ 12 ಅಶ್ವಶಕ್ತಿಯ ಎಂಜಿನ್‌ಗೆ ಪಂಪೂ ಇರಲಿಲ್ಲ, ಪೆಟ್ರೋಲನ್ನು ಗಾಳಿಗೆ ಬೆರೆಸುವ, ನಾವು ಕಾರ್ಬುರೇಟರ್ ಎನ್ನುವಂಥ ವಸ್ತುವೂ ಇರಲಿಲ್ಲ.

ಆರ್‌ವಿಯಲ್ಲಿ ಪೆಟ್ರೋಲು ಮೇಲಕ್ಕೆ ಹತ್ತಬೇಕು. ಎಂಜಿನ್‌ಗೆ ಒಂದು ಯಾಂತ್ರಿಕ ಪಂಪು ಅಂಟಿಕೊಂಡಿರುತ್ತದೆ, ಎಂಜಿನ್ ತಿರುಗುವಷ್ಟು ಹೊತ್ತೂ ಅದು ಕೆಲಸ ಮಾಡುತ್ತದೆ. ಆದರೆ ಅದು ಕೂತಿರುವ ಜಾಗ ನೋಡಿ: ಪೈಪಿನ ಕೊನೆಯಲ್ಲಿ, ಕಾದ ಎಂಜಿನ್ನಿನ ಬೆನ್ನಿಗೆ. ಅಂದರೆ ಪೂರ್ತಿ ದಾರಿಯನ್ನು ‘ಎಳೆಯಬೇಕಾದ’ ಪಂಪು ಅದು. ಪೆಟ್ರೋಲು ನೀರಿನಷ್ಟು ಸಾಧುವಲ್ಲ. ಅದರ ಹಗುರ ಭಾಗ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಲು ಹವಣಿಸುತ್ತದೆ. ಒತ್ತಡ ತಗ್ಗಿಸಿದರಂತೂ ಇನ್ನೂ ಬೇಗ. 10,000 ಅಡಿ ಎತ್ತರಕ್ಕೆ ಹೋದರೆ ಹಿಂದಿನಿಂದ ಒತ್ತುವ ವಾತಾವರಣವೇ ಮೂರರಲ್ಲಿ ಒಂದು ಭಾಗದಷ್ಟು ಕಡಿಮೆ. ಪೈಪಿನೊಳಗೇ ಗುಳ್ಳೆ ಏಳುತ್ತದೆ. ದ್ರವ ತಳ್ಳಲು ಮಾಡಿದ ಪಂಪು ಆವಿಯನ್ನು ಹಿಗ್ಗಿಸುತ್ತಾ ಕುಗ್ಗಿಸುತ್ತಾ ಕೂರುತ್ತದೆ. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ನಮ್ಮ ಬಾವಿಯ ಭಾಷೆಯಲ್ಲಿ ಗಾಳಿ ಹಿಡಿಯುವುದು.

ಹಾಗಾಗಿ ಎರಡನೆಯ ಪಂಪು, ವಿದ್ಯುತ್ತಿನದು. ಕಾಕ್‌ಪಿಟ್ ನೆಲದ ಮಟ್ಟದಲ್ಲಿ, ಎಂಜಿನ್ನಿನ ಬಿಸಿಯಿಂದ ದೂರ. ಇದು ಹಿಂದಿನಿಂದ ತಳ್ಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲು ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ, ಪ್ರೆಶರ್ ಕುಕ್ಕರಿನೊಳಗಿನ ನೀರಿನ ಹಾಗೆ. ಯಾಂತ್ರಿಕ ಪಂಪಿನ ಪರದೆ ಹರಿದರೂ ಇದು ಸಾಕು. ಮೇಲೇರುವಾಗ, ಇಳಿಯುವಾಗ ಪೈಲಟ್ ಈ ಸ್ವಿಚ್ ಹಾಕಿಯೇ ಇರುತ್ತಾನೆ.

ಪೆಟ್ರೋಲು ಎಂಜಿನ್ ತನಕ ಬಂತು. ಎಷ್ಟು ಕೊಡಬೇಕು? ಕಾರ್ಬುರೇಟರ್ ಕತೆ ಹೆಚ್ಚು ಹೇಳುವುದಿಲ್ಲ. 2020ರಲ್ಲಿ ಬಿಎಸ್ 6 ಬಂದ ಮೇಲೆ ನಮ್ಮ ಹೊಸ ಬೈಕುಗಳಿಂದಲೂ ಅದು ಹೆಚ್ಚುಕಡಿಮೆ ಮಾಯವಾಯಿತು. ವಿಮಾನದಲ್ಲಿ ಅದಕ್ಕೆ ಎರಡು ಕೆಟ್ಟ ಚಾಳಿ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತದೆ, ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವಂತೆ. ಹೊರಗೆ 20 ಡಿಗ್ರಿ ಹಿತವಾದ ಹವೆಯಿದ್ದರೂ, ತೇವ ಜಾಸ್ತಿ ಇದ್ದರೆ ಕಾರ್ಬುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಇನ್ನೊಂದು ಚಾಳಿ, ವಿಮಾನ ಥಟ್ಟನೆ ಮೂಗು ತಗ್ಗಿಸಿದರೆ ಕಾರ್ಬುರೇಟರಿನ ಬಟ್ಟಲಲ್ಲಿ ನಿಂತ ಪೆಟ್ರೋಲು ಮೇಲಕ್ಕೆ ನೆಗೆಯುತ್ತದೆ, ಎಂಜಿನ್ ಕೆಮ್ಮುತ್ತದೆ. 1940ರಲ್ಲಿ ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಪೈಲಟ್‌ಗಳು ಇದರಿಂದ ಬೇಸತ್ತಿದ್ದರು. ಎದುರಾಳಿ ಜರ್ಮನಿಯ ಮೆಸರ್‌ಶ್ಮಿಟ್‌ಗೆ ಇಂಜೆಕ್ಷನ್ (ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಏರ್ಪಾಡು) ಇತ್ತು, ಅದು ಕೆಮ್ಮದೆ ಧುಮುಕಿ ಪರಾರಿಯಾಗುತ್ತಿತ್ತು. ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್, ಬೈಕ್ ರೇಸ್ ಓಡಿಸುತ್ತಿದ್ದ ಹೆಣ್ಣುಮಗಳು, ಪೆಟ್ರೋಲಿನ ದಾರಿಗೆ ತೂತಿರುವ ಒಂದು ಪುಟ್ಟ ಲೋಹದ ಬಿಲ್ಲೆ ಹಾಕಿ 1941ರಲ್ಲಿ ತಾತ್ಕಾಲಿಕ ಪರಿಹಾರ ಕೊಟ್ಟಳು. ಯುದ್ಧದ ತಂತ್ರಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಬಿಲ್ಲೆ ಅದು.

ಪುಟ್ಟ ವಿಮಾನಗಳಿಗೆಂದು ಲೈಕಮಿಂಗ್ ಕಂಪನಿ ಮಾಡುವ ಐಒ-360 ಎಂಬ ಎಂಜಿನ್ನಿನ ಹೆಸರಿನಲ್ಲಿರುವ ‘ಐ’ ಇಂಜೆಕ್ಷನ್ನಿನದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಬೆಂಡಿಕ್ಸ್ ಮಾದರಿಯ ಸರ್ವೋ, ಅಂದರೆ ಗಾಳಿಯನ್ನು ಅಳೆದು ತಕ್ಕಷ್ಟು ಪೆಟ್ರೋಲು ಬಿಡುವ ಸಾಧನ. ಕಂಪ್ಯೂಟರ್ ಇಲ್ಲ, ತಂತಿಯೂ ಇಲ್ಲ. ಒಂದು ಲೋಹದ ಡಬ್ಬಿ, ಒಳಗೆ ಒಂದೇ ಕಡ್ಡಿಗೆ ಪೋಣಿಸಿದ ಎರಡು ತೆಳು ಪರದೆ. ಮೊದಲ ಪರದೆಯ ಒಂದು ಬದಿಗೆ ಒಳನುಗ್ಗುವ ಗಾಳಿಯ ಪೂರ್ತಿ ಹೊಡೆತ. ಇನ್ನೊಂದು ಬದಿಗೆ, ಕಿರಿದಾದ ಕುತ್ತಿಗೆಯಲ್ಲಿ ಅದೇ ಗಾಳಿ ರಭಸವಾಗಿ ಹರಿಯುವಾಗ ತಗ್ಗಿದ ಒತ್ತಡ. ಗಾಳಿ ಜಾಸ್ತಿ ಹೋದಷ್ಟೂ ಎರಡರ ಅಂತರ ಜಾಸ್ತಿ. ಕಡ್ಡಿ ಸರಿಯುತ್ತದೆ. ಅದರ ತುದಿಯ ಪುಟ್ಟ ಗೋಲಿ ಪೆಟ್ರೋಲಿನ ಬಾಗಿಲು ತೆರೆಯುತ್ತದೆ. ಪೆಟ್ರೋಲು ಹರಿಯತೊಡಗಿದ ಕೂಡಲೇ ಎರಡನೆಯ ಪರದೆಯ ಮೇಲೆ ಅದರ ಒತ್ತಡ ಬಿದ್ದು ಕಡ್ಡಿಯನ್ನು ಹಿಂದಕ್ಕೆ ನೂಕುತ್ತದೆ. ಗಾಳಿಯ ಬಲ, ಪೆಟ್ರೋಲಿನ ಬಲ ಸರಿಸಮ ಆದ ಜಾಗದಲ್ಲಿ ಗೋಲಿ ನಿಲ್ಲುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಗಾಳಿ, ಇನ್ನೊಂದರಲ್ಲಿ ಪೆಟ್ರೋಲು. ಮೇಲೆ ಹೋದಾಗ ತೆಳುವಾದ ಗಾಳಿ ಈ ತಕ್ಕಡಿಗೆ ಸ್ವಲ್ಪ ಮೋಸ ಮಾಡುತ್ತದೆ. ಅದನ್ನು ಪೈಲಟ್ ಪೆಟ್ರೋಲು ತಗ್ಗಿಸುವ ಕೆಂಪು ಗುಂಡಿ ಎಳೆದು ಸರಿಪಡಿಸುತ್ತಾನೆ.

ಅಲ್ಲಿಂದ ಪೆಟ್ರೋಲು ಎಂಜಿನ್ನಿನ ತಲೆಯ ಮೇಲಿರುವ ಹಂಚುಬಟ್ಟಲಿಗೆ ಹೋಗುತ್ತದೆ. ನಾಲ್ಕು ಸಿಲಿಂಡರಿಗೆ ನಾಲ್ಕು ಸಣ್ಣ ಉಕ್ಕಿನ ಕೊಳವೆ ಕಾಲು ಚಾಚಿರುವುದರಿಂದ ಮೆಕ್ಯಾನಿಕ್‌ಗಳು ಅದನ್ನು ಜೇಡ ಎನ್ನುತ್ತಾರೆ. ಪ್ರತಿ ಕೊಳವೆಯ ಕೊನೆಯ ನಾಝಲ್ಲಿನ ತೂತು ಸುಮಾರು 0.7 ಮಿಲಿಮೀಟರ್. ಒಂದು ಕಸದ ಕಣ ಸಾಕು, ಒಂದು ಸಿಲಿಂಡರ್ ಹಸಿದು ಕೂರುತ್ತದೆ. ಮನೆಯಲ್ಲಿ ಕಟ್ಟುವವರು ಇದಕ್ಕೆ ಸೊಗಸಾದ ಪರೀಕ್ಷೆ ಮಾಡುತ್ತಾರೆ. ನಾಝಲ್‌ಗಳನ್ನು ಬಿಚ್ಚಿ, ಒಂದೇ ಅಳತೆಯ ನಾಲ್ಕು ಸೀಸೆಗಳಿಗೆ ಇಳಿಬಿಟ್ಟು, ವಿದ್ಯುತ್ ಪಂಪು ಹಾಕುತ್ತಾರೆ. ಆಮೇಲೆ ಬಗ್ಗಿ ನಿಂತು ನಾಲ್ಕರಲ್ಲೂ ಮಟ್ಟ ಸಮ ಇದೆಯಾ ಅಂತ ನೋಡುತ್ತಾರೆ.

ಜೇಡ ಕೂತಿರುವ ಜಾಗವೇ ಅದರ ಶಾಪ. ಎಂಜಿನ್ ನಿಲ್ಲಿಸಿದ ಮೇಲೆ ಬಿಸಿಯೆಲ್ಲ ಮೇಲಕ್ಕೇಳುತ್ತದೆ, ಕೊಳವೆಗಳೊಳಗಿನ ಪೆಟ್ರೋಲು ಕುದಿಯುತ್ತದೆ. ಒಂದು ಕಪ್ ಕಾಫಿ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಒಲ್ಲೆ ಅನ್ನುತ್ತದೆ. ಇಂಜೆಕ್ಷನ್ ಇರುವ ಲೈಕಮಿಂಗ್ ಹಾರಿಸುವವರ ಹತ್ತಿರ ಇದರ ಬಗ್ಗೆ ಕೇಳಿ, ಒಬ್ಬೊಬ್ಬರೂ ಒಂದೊಂದು ಮಂತ್ರ ಹೇಳುತ್ತಾರೆ.

ಈಗ ಕಾರಿನಂಥ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದಿದೆ. 2012ರಲ್ಲಿ ಆಸ್ಟ್ರಿಯಾದ ರೋಟಾಕ್ಸ್ ಹೊರತಂದ 912 ಐಎಸ್ ಒಳ್ಳೆಯ ಉದಾಹರಣೆ. ಇಲ್ಲಿ ಪೆಟ್ರೋಲು ಸುಮಾರು 3 ಬಾರ್ (ವಾತಾವರಣದ ಮೂರು ಪಟ್ಟು) ಒತ್ತಡದಲ್ಲಿ ಕಾಯುತ್ತಿರುತ್ತದೆ, ಕಂಪ್ಯೂಟರ್ ಹೇಳಿದ ಕ್ಷಣಕ್ಕೆ ಚಿಮ್ಮುತ್ತದೆ. ಒಂದು ಸಣ್ಣ ಲೆಕ್ಕ ಹಾಕೋಣ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿ ಗಂಟೆಗೆ 20 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ನಾಲ್ಕು ಸಿಲಿಂಡರು ಸೇರಿ ಗಂಟೆಗೆ 6 ಲಕ್ಷ ಗುಟುಕು. ಒಂದು ಗುಟುಕು 0.033 ಮಿಲಿಲೀಟರ್, ಒಂದು ಹನಿಗಿಂತಲೂ ಕಡಿಮೆ. ಉಳಿದ ಪೆಟ್ರೋಲು ಟ್ಯಾಂಕಿಗೆ ವಾಪಸ್. ಹೀಗೆ ಸುತ್ತುತ್ತಲೇ ಇರುವುದರಿಂದ ಕೊಳವೆ ತಂಪಾಗಿರುತ್ತದೆ, ಗುಳ್ಳೆ ಎದ್ದರೂ ಕೊಚ್ಚಿಕೊಂಡು ಹೋಗುತ್ತದೆ.

ಆದರೆ ಬೆಂಡಿಕ್ಸ್ ಡಬ್ಬಿಗೆ ಬ್ಯಾಟರಿ ಸತ್ತರೂ ಚಿಂತೆಯಿಲ್ಲ. ಇದಕ್ಕೆ ವಿದ್ಯುತ್ ಹೋಯಿತೆಂದರೆ ಮೌನ. ಅದಕ್ಕಾಗಿ ಎಲ್ಲವೂ ಜೋಡಿ: ಎರಡು ಪಂಪು, ಎರಡು ಜನರೇಟರ್, ಎರಡು ದಾರಿಯ ಕಂಪ್ಯೂಟರ್, ಪ್ರತಿ ಸಿಲಿಂಡರಿಗೂ ಎರಡೆರಡು ಇಂಜೆಕ್ಟರ್.

ಇಷ್ಟೆಲ್ಲ ಇದ್ದರೂ ಪೆಟ್ರೋಲಿನ ವಾಲ್ವ್ ಕೈಗೆಟುಕುವ ಹಾಗಿರಬೇಕು. 1997ರಲ್ಲಿ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸತ್ತದ್ದು ಇಂಥದ್ದೇ ಮನೆಗಟ್ಟಿನ ವಿಮಾನ ಲಾಂಗ್-ಈಝೀಯಲ್ಲಿ. ಟ್ಯಾಂಕು ಬದಲಿಸುವ ವಾಲ್ವನ್ನು ಆ ವಿಮಾನ ಕಟ್ಟಿದವರು ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್ಟಿನ ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಲು ಹಿಂದಕ್ಕೆ ಹೊರಳಬೇಕಿತ್ತು.

ನಮ್ಮ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ಎರಡು ಸೀಟಿನ ಹಂಸ-3ರಲ್ಲಿ ಕಾರ್ಬುರೇಟರ್ ಇರುವ ರೋಟಾಕ್ಸ್ 914 ಇತ್ತು. ಅದರ ಹೊಸ ಅವತಾರ ಹಂಸ-ಎನ್‌ಜಿ ಹಾಕಿಕೊಂಡಿರುವುದು ಇದೇ 912 ಐಎಸ್ ಕುಟುಂಬದ ಇಂಜೆಕ್ಷನ್ ಎಂಜಿನ್. 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿತು. ಮುಂದಿನ ವರ್ಷ ಮೇ 17ರಂದು ಅದನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಯಲಿನ ಮೇಲೆ 7,000–8,000 ಅಡಿಗೆ ಒಯ್ದು, ವಾಯುಪಡೆಯ ಪರೀಕ್ಷಾ ಪೈಲಟ್‌ಗಳು ಬೇಕಂತಲೇ ಎಂಜಿನ್ ಆಫ್ ಮಾಡಿದರು. ಕೆಳಗೆ ಮೇ ತಿಂಗಳ ಬಿಸಿಲು, ಮುಂದೆ ದುಡಿಯದ ಎಂಜಿನ್. ವಿಮಾನ ಗ್ಲೈಡರಿನಂತೆ ಗಂಟೆಗೆ 110–130 ಕಿಲೋಮೀಟರ್ ವೇಗದಲ್ಲಿ ಜಾರುತ್ತಿತ್ತು. ಅದೇ ಸ್ಥಿತಿಯಲ್ಲಿ ಮತ್ತೆ ಸ್ಟಾರ್ಟ್ ಮಾಡಿದರು. ಹೊತ್ತಿಕೊಂಡಿತು.