ಬಾಟಲಿಯ ತೂಕ ಬೇರೆ, ಲೋಹದ ತೂಕ ಬೇರೆ

ಪ್ರಯೋಗಾಲಯಗಳಿಗೂ ಕಾರ್ಖಾನೆಗಳಿಗೂ ಪ್ಲಾಟಿನಂ, ಪಲೇಡಿಯಂ, ಚಿನ್ನ, ಬೆಳ್ಳಿ ಕೊಳ್ಳುವಾಗ ಸಲಹೆ ಕೊಡುವುದು ನನ್ನ ಕೆಲಸ. ನನ್ನ ಮೇಜಿಗೆ ಬರುವ ಕಡತಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಮೂರು ಕೊಟೇಶನ್, ಅವುಗಳ ದರ ಹೋಲಿಸಿದ ಒಂದು ಪಟ್ಟಿ, ಕೆಳಗೆ ‘ಕಡಿಮೆ ದರದವರಿಗೆ ಆರ್ಡರ್ ಕೊಡಬಹುದು’ ಎಂಬ ಷರಾ. ಗಾಜಿನ ಬೀಕರ್ ಕೊಳ್ಳಲು ಇಷ್ಟು ಸಾಕು. ಅಮೂಲ್ಯ ಲೋಹಕ್ಕೆ ಸಾಲದು. ಇಲ್ಲಿ ಕಡಿಮೆ ಅಂತ ಕಂಡ ದರ ಎಷ್ಟೋ ಸಲ ಎಲ್ಲಕ್ಕಿಂತ ದುಬಾರಿಯದ್ದೇ ಆಗಿರುತ್ತದೆ.

ಹೈಡ್ರೋಜನೀಕರಣಕ್ಕೆ, ಅಂದರೆ ಒಂದು ವಸ್ತುವಿಗೆ ಹೈಡ್ರೋಜನ್ ಸೇರಿಸುವ ಕ್ರಿಯೆಗೆ, ವೇಗ ಕೊಡಲು ಬಳಸುವ ಕ್ಯಾಟಲಿಸ್ಟನ್ನೇ ತೆಗೆದುಕೊಳ್ಳಿ. ಇದ್ದಿಲ ಪುಡಿಯ ಮೇಲೆ ಕೂರಿಸಿದ ಪಲೇಡಿಯಂ. ಬೇಡಿಕೆ ಪತ್ರದಲ್ಲಿ ‘ಶೇ 10 ಪಲೇಡಿಯಂ, 100 ಗ್ರಾಂ’ ಅಂತಷ್ಟೇ ಇದೆ. ಒಬ್ಬರು ಒಣ ಪುಡಿಗೆ ದರ ಹಾಕಿದ್ದಾರೆ, ಇನ್ನೊಬ್ಬರು ಒದ್ದೆ ಪುಡಿಗೆ. ಒದ್ದೆ ಪುಡಿಯಲ್ಲಿ ಅರ್ಧ ತೂಕ ನೀರು. ಶೇ 10 ಅನ್ನುವುದು ನೀರು ಕಳೆದು ಉಳಿದ ಪುಡಿಯ ಲೆಕ್ಕ. ಅಂದರೆ ಮೊದಲ ಬಾಟಲಿಯಲ್ಲಿ 10 ಗ್ರಾಂ ಪಲೇಡಿಯಂ ಇದ್ದರೆ ಎರಡನೆಯದರಲ್ಲಿ ಇರುವುದು 5 ಗ್ರಾಂ. ಮೊದಲನೆಯವರ ದರ 100, ಎರಡನೆಯವರದು 70 ಅಂತಿಟ್ಟುಕೊಳ್ಳಿ. ಪಟ್ಟಿಯಲ್ಲಿ ಎರಡನೆಯವರು ಗೆದ್ದರು. ಒಂದು ಗ್ರಾಂ ಪಲೇಡಿಯಂಗೆ ಎಷ್ಟು ಬಿತ್ತು ಅಂತ ನೋಡಿದರೆ ಮೊದಲನೆಯವರದು 10, ಎರಡನೆಯವರದು 14.

ಒದ್ದೆ ಮಾಲು ಮೋಸ ಅಂತ ಇದರರ್ಥವಲ್ಲ. ಒಣ ಪುಡಿಗೆ ಮೆಥನಾಲ್ ಆವಿ ತಾಗಿದರೆ ಬೆಂಕಿ ಹತ್ತಬಹುದು. ಹೈಡ್ರೋಜನ್ ಹೀರಿಕೊಂಡ ಪುಡಿಯಂತೂ ಸೋಸುವ ಕಾಗದದ ಮೇಲೆ ಒಣಗಿದರೆ ತಾನಾಗಿಯೇ ಕೆಂಡವಾಗುತ್ತದೆ. ಹಾಗಾಗಿ ನಾನು ಒದ್ದೆ ಮಾಲನ್ನೇ ಕೊಳ್ಳಿ ಅನ್ನುತ್ತೇನೆ. ಆದರೆ ದರ ಹೋಲಿಸುವಾಗ ನೀರು ಕಳೆದು ಹೋಲಿಸಿ. ಬೇಡಿಕೆ ಪತ್ರದಲ್ಲಿ ‘5 ಗ್ರಾಂ ಪಲೇಡಿಯಂ ಇರುವಷ್ಟು ಕ್ಯಾಟಲಿಸ್ಟ್’ ಅಂತ ಬರೆದುಬಿಟ್ಟರೆ ಈ ಗೊಂದಲ ಹುಟ್ಟುವುದೇ ಇಲ್ಲ.

ಲವಣಗಳದ್ದೂ ಇದೇ ಕಥೆ, ಸ್ವಲ್ಪ ಹೆಚ್ಚು ಸೂಕ್ಷ್ಮ. ಸಿಲ್ವರ್ ನೈಟ್ರೇಟ್‌ನಲ್ಲಿ ತೂಕದ ಶೇ 63.5ರಷ್ಟು ಬೆಳ್ಳಿ. ಪಲೇಡಿಯಂ ಕ್ಲೋರೈಡ್‌ನಲ್ಲಿ ಶೇ 60ರಷ್ಟು ಪಲೇಡಿಯಂ. ಇವೆರಡರಲ್ಲಿ ನೀರಿನ ತಂಟೆ ಇಲ್ಲ, ಲೆಕ್ಕ ಸಲೀಸು. ಕ್ಲೋರೋಆರಿಕ್ ಆಮ್ಲ ಹಾಗಲ್ಲ. ಮೂರು ನೀರಿನ ಅಣು ಸೇರಿದ ಹರಳಿನಲ್ಲಿ ಚಿನ್ನ ಸರಿಯಾಗಿ ಅರ್ಧ ತೂಕ. ಆದರೆ ಈ ಹರಳು ಗಾಳಿಯ ತೇವ ಕುಡಿಯುತ್ತದೆ. ಬಾಟಲಿಯನ್ನು ನಾಲ್ಕಾರು ಸಲ ತೆರೆದು ಮುಚ್ಚಿದ ಮೇಲೆ ನೀವು ತೂಗಿದ ಒಂದು ಗ್ರಾಂನಲ್ಲಿ ಅರ್ಧ ಗ್ರಾಂ ಚಿನ್ನ ಇರುವುದಿಲ್ಲ. ರೋಡಿಯಂ ಕ್ಲೋರೈಡ್ ಇನ್ನೂ ಅನಿಶ್ಚಿತ. ಅದರಲ್ಲಿ ನೀರು ಇಂತಿಷ್ಟೇ ಅಂತ ಇಲ್ಲ, ಒಂದು ಲಾಟ್‌ಗೂ (ಒಮ್ಮೆಗೆ ತಯಾರಾದ ಮಾಲು) ಇನ್ನೊಂದಕ್ಕೂ ರೋಡಿಯಂ ಪಾಲು ಬದಲಾಗುತ್ತದೆ. ಅಷ್ಟು ದುಬಾರಿ ಲೋಹದಲ್ಲಿ ಶೇ 2ರ ವ್ಯತ್ಯಾಸವೂ ಸಣ್ಣದಲ್ಲ.

ಇಲ್ಲೇ ಇನ್ನೊಂದು ಗೊಂದಲ. ಚೀಟಿಯ ಮೇಲೆ ‘99.99% ಲೋಹ ಆಧಾರದ ಮೇಲೆ’ ಅಂತ ಇರುತ್ತದೆ. ಇದನ್ನು ಓದಿದವರು ಬಾಟಲಿಯಲ್ಲಿರುವುದು ಬಹುತೇಕ ಅಪ್ಪಟ ಮಾಲು ಅಂದುಕೊಳ್ಳುತ್ತಾರೆ. ಆ ಅಂಕಿ ಹೇಳುವುದು ಇಷ್ಟೇ: ಇದರಲ್ಲಿ ಬೇರೆ ಲೋಹಗಳ ಕಲ್ಮಷ ತೀರಾ ಕಡಿಮೆ. ನೀರು, ಆಮ್ಲಜನಕ, ಇಂಗಾಲ, ಕ್ಲೋರೈಡ್ ಇವು ಲೆಕ್ಕಕ್ಕೇ ಬಂದಿಲ್ಲ. ಲವಣದಲ್ಲಿ ಲೋಹ ಎಷ್ಟು ಅನ್ನುವುದು ಬೇರೆಯದೇ ಅಂಕಿ. ಅದನ್ನು ಲಾಟ್‌ನ ಸರ್ಟಿಫಿಕೇಟ್‌ನಲ್ಲಿ ಕೊಡಿ ಅಂತ ಕೇಳಿ ಪಡೆಯಬೇಕು. ‘ಸಾಮಾನ್ಯವಾಗಿ ಇಷ್ಟಿರುತ್ತದೆ’ ಎಂಬ ಮಾದರಿ ವಿಶ್ಲೇಷಣೆಯ ಹಾಳೆ ಬೇರೆ, ನಿಮ್ಮ ಕೈಗೆ ಬಂದ ಲಾಟ್ ಅನ್ನೇ ಪರೀಕ್ಷಿಸಿ ಕೊಟ್ಟ ಹಾಳೆ ಬೇರೆ. ಮೊದಲನೆಯದಕ್ಕೆ ನಾನು ಸಹಿ ಹಾಕುವುದಿಲ್ಲ.

ಶುದ್ಧತೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಖರ್ಚು ಹೆಚ್ಚಿಸುತ್ತದೆ. ಚಿಪ್‌ಗಳಲ್ಲಿ ಬೆಸುಗೆ ಹಾಕುವ ಕೂದಲೆಳೆಯಂಥ ಚಿನ್ನದ ತಂತಿಯನ್ನು ನೋಡಿ. ಅದು 99.99ರ ಚಿನ್ನ, ಉಳಿದ ಆ ಚೂರಿನಲ್ಲಿ ಬೆರಿಲಿಯಂ, ಕ್ಯಾಲ್ಸಿಯಂ ಥರದ್ದನ್ನು ಬೇಕಂತಲೇ ಕೆಲವು ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು ಎಂಬ ಅಳತೆ) ಸೇರಿಸಿರುತ್ತಾರೆ. ಸೇರಿಸದೆ ಇನ್ನೂ ಅಪ್ಪಟವಾಗಿ ಮಾಡಿದರೆ ತಂತಿ ಮೆತ್ತಗಾಗಿ ಬಾಗುತ್ತದೆ, ಕುಸಿಯುತ್ತದೆ. ಉಷ್ಣತೆ ಅಳೆಯುವ ಥರ್ಮೋಕಪಲ್‌ನ ಪ್ಲಾಟಿನಂ ತಂತಿಯದು ತದ್ವಿರುದ್ಧ. ಅಲ್ಲಿ ಕೆಲವೇ ಪಿಪಿಎಂ ಕಬ್ಬಿಣ ಸೇರಿದರೂ ವೋಲ್ಟೇಜ್ ಸರಿದು, ತೋರಿಸುವ ಉಷ್ಣತೆ ತಪ್ಪಾಗುತ್ತದೆ. ಸುಮ್ನೆ ‘ಅತಿ ಶುದ್ಧ’ ಅಂತ ಬರೆಯುವ ಬದಲು ‘ಕಬ್ಬಿಣ ಇಷ್ಟಕ್ಕಿಂತ ಕಡಿಮೆ ಇರಲಿ’ ಅಂತ ಬರೆಯಿರಿ. ಮಾರುವವರಿಗೂ ಅದು ಸುಲಭ. 99.95ರಿಂದ 99.999ಕ್ಕೆ ಹೋಗುವ ದಾರಿಯಲ್ಲಿ ನೀವು ಕೊಡುವ ಹೆಚ್ಚಿನ ಹಣವೆಲ್ಲ ಸಂಸ್ಕರಣೆಗೆ, ಲೋಹಕ್ಕಲ್ಲ. ಅದು ಮರಳಿ ಬರುವ ಹಣವಲ್ಲ.

ರೂಪದ ವಿಷಯ. ಪುಡಿ, ಸ್ಪಂಜು, ಹಾಳೆ, ತಂತಿ, ಜಾಲರಿ ಹೀಗೆ ಹತ್ತಾರು ಬಗೆಯಲ್ಲಿ ಲೋಹ ಸಿಗುತ್ತದೆ. ತಂತಿ ಬರೆಸುವಾಗ ಎಚ್ಚರ ಬೇಕು. 0.1 ಮಿಲಿಮೀಟರ್ ದಪ್ಪದ ಪ್ಲಾಟಿನಂ ತಂತಿ ಒಂದು ಮೀಟರ್‌ಗೆ 0.17 ಗ್ರಾಂ ತೂಗುತ್ತದೆ. 0.5 ಮಿಲಿಮೀಟರ್‌ನದು 4.2 ಗ್ರಾಂ. ದಪ್ಪ ಐದು ಪಟ್ಟು, ತೂಕ ಇಪ್ಪತ್ತೈದು ಪಟ್ಟು. ಎಲೆಕ್ಟ್ರೋಡ್‌ಗೆ 0.3 ಸಾಕಾಗುವಲ್ಲಿ ‘ಸ್ವಲ್ಪ ಗಟ್ಟಿಯಿರಲಿ’ ಅಂತ 0.5 ಬರೆಯುವವರಿಗೆ ಈ ಲೆಕ್ಕ ತೋರಿಸಿದರೆ ಪೆನ್ಸಿಲ್ ತಾನಾಗಿಯೇ ತಿದ್ದುತ್ತದೆ. ಇನ್ನೊಂದು ತುದಿಯಲ್ಲಿ, ತೀರಾ ತೆಳು ತಂತಿಗೆ ಲೋಹಕ್ಕಿಂತ ಎಳೆಯುವ ಮಜೂರಿಯೇ ಜಾಸ್ತಿ. ಒಡವೆ ಮಾಡಿಸಿದವರಿಗೆ ಇದು ಹೊಸತಲ್ಲ, ಅಲ್ವಾ?

ಅದಕ್ಕೇ ಕೊಟೇಶನ್‌ನಲ್ಲಿ ಲೋಹದ ಬೆಲೆ ಮತ್ತು ಮಜೂರಿಯನ್ನು ಬೇರೆಬೇರೆ ಸಾಲಿನಲ್ಲಿ ಕೇಳಿ. ಒಟ್ಟು ಮೊತ್ತ ಮಾತ್ರ ಕೊಡುವವರ ಹತ್ತಿರ ಚೌಕಾಸಿಗೆ ಜಾಗವೇ ಇರುವುದಿಲ್ಲ. ಲೋಹದ ಬೆಲೆ ಜಗತ್ತಿಗೇ ಗೊತ್ತಿರುವಂಥದ್ದು. ಪ್ಲಾಟಿನಂ, ಪಲೇಡಿಯಂಗಳ ಬೆಲೆ ಲಂಡನ್ನಿನಲ್ಲಿ ಕೆಲಸದ ದಿನಗಳಂದು ಎರಡು ಸಲ ಹರಾಜಿನಲ್ಲಿ ನಿಗದಿಯಾಗುತ್ತದೆ, ಚಿನ್ನದ್ದೂ ಎರಡು ಸಲ, ಬೆಳ್ಳಿಯದು ಮಧ್ಯಾಹ್ನ 12ಕ್ಕೆ ಒಂದು ಸಲ. ರೋಡಿಯಂ, ಇರಿಡಿಯಂ, ರುಥೇನಿಯಂಗಳಿಗೆ ಆ ಥರದ ಹರಾಜಿಲ್ಲ. ಲೋಹ ಶುದ್ಧಿ ಮಾಡುವ ದೊಡ್ಡ ರಿಫೈನರಿಗಳು ಪ್ರಕಟಿಸುವ ದರವೇ ಆಧಾರ. ಯಾವ ದಿನದ, ಯಾರು ಪ್ರಕಟಿಸಿದ ದರ ಅನ್ನುವುದು ಆರ್ಡರ್‌ನಲ್ಲಿ ಇರಬೇಕು. ಔನ್ಸ್ ಅಂತ ಕಂಡರೆ ಅದು ಟ್ರಾಯ್ ಔನ್ಸ್, 31.1035 ಗ್ರಾಂ. ದಿನಬಳಕೆಯ 28.35 ಗ್ರಾಂನ ಔನ್ಸ್ ಹಿಡಿದು ಭಾಗಿಸಿದರೆ ಗ್ರಾಂ ದರ ಶೇ 10ರಷ್ಟು ತಪ್ಪುತ್ತದೆ.

ದರದ ಏರಿಳಿತ ಖರೀದಿ ಸಮಿತಿಗಳಿಗೆ ಅರ್ಥವಾಗದ ವಿಷಯ. ಸಮಿತಿ ಸೇರಲು ತಿಂಗಳುಗಟ್ಟಲೆ ಬೇಕು. ಕೊಟೇಶನ್ ಬಾಳುವುದು ಒಂದೋ ಎರಡೋ ದಿನ, ಕೆಲವೊಮ್ಮೆ ಕೆಲವೇ ಗಂಟೆ. 2016ರ ಆರಂಭದಲ್ಲಿ ಪಲೇಡಿಯಂ ಔನ್ಸ್‌ಗೆ 500 ಡಾಲರ್ ಆಸುಪಾಸಿನಲ್ಲಿತ್ತು. 2022ರ ಮಾರ್ಚ್‌ನಲ್ಲಿ 3,000 ದಾಟಿತು. ರೋಡಿಯಂ 2008ರಲ್ಲಿ 10,000 ಮುಟ್ಟಿ, ಅದೇ ವರ್ಷದ ಕೊನೆಗೆ 1,000ದ ಹತ್ತಿರ ಬಿತ್ತು. 2021ರಲ್ಲಿ 30,000ದ ಅಂಚಿಗೆ ಹೋಗಿ ಬಂತು. ಕಾರಣ ಗುಟ್ಟಿನದೇನಲ್ಲ. ರೋಡಿಯಂಗೆ ಅಂತಲೇ ಗಣಿಯಿಲ್ಲ. ಅದು ಪ್ಲಾಟಿನಂ, ನಿಕ್ಕಲ್ ಗಣಿಗಳ ಉಪ ಉತ್ಪನ್ನ. ಜಗತ್ತಿನ ಗಣಿಗಳಿಂದ ವರ್ಷಕ್ಕೆ ಬರುವುದೇ ಇಪ್ಪತ್ತು ಚಿಲ್ಲರೆ ಟನ್, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ದಕ್ಷಿಣ ಆಫ್ರಿಕಾದ್ದು. 2020ರಲ್ಲಿ ಅಲ್ಲಿನ ಒಂದು ದೊಡ್ಡ ಕಂಪನಿಯ ಕನ್ವರ್ಟರ್ ಘಟಕ (ಕರಗಿಸಿದ ಅದಿರನ್ನು ಸಂಸ್ಕರಿಸುವ ಕುಲುಮೆ) ಕೆಟ್ಟು ನಿಂತಾಗ ಇಡೀ ಜಗತ್ತಿನ ಸರಬರಾಜು ಅಲ್ಲಾಡಿತು. ಬೆಲೆ ಏರಿತು ಅಂತ ಗಣಿಯವರು ರೋಡಿಯಂ ಒಂದನ್ನೇ ಜಾಸ್ತಿ ತೆಗೆಯಲು ಆಗುವುದಿಲ್ಲ.

ಇಂಥ ಮಾರುಕಟ್ಟೆಯಲ್ಲಿ ನಾನು ಹೇಳುವ ದಾರಿ ಸರಳ. ಸಮಿತಿ ಮಜೂರಿಯನ್ನು ಮತ್ತು ಲೋಹದ ತೂಕವನ್ನು ಒಪ್ಪಲಿ. ಲೋಹದ ದರಕ್ಕೆ ಒಂದು ಮೇಲ್ಮಿತಿ ಹಾಕಿ, ಆರ್ಡರ್ ಹೊರಡುವ ದಿನದ ಪ್ರಕಟಿತ ದರವೇ ಅನ್ವಯ ಅಂತ ಬರೆಯಲಿ. ಬೆಲೆ ಇಳಿಯಲಿ ಅಂತ ಕಾದು ಕೂರುವುದು ಬೇಡ. ಪ್ರಯೋಗ ನಿಂತರೆ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ನೈಟ್ರಿಕ್ ಆಮ್ಲದ ಕಾರ್ಖಾನೆ, ಗಾಜಿನ ನಾರಿನ ಕಾರ್ಖಾನೆಗಳಂಥ ದೊಡ್ಡ ಬಳಕೆದಾರರು ಲೋಹವನ್ನು ಬಾಡಿಗೆಗೂ ಪಡೆಯುತ್ತಾರೆ. ಸಣ್ಣ ಪ್ರಯೋಗಾಲಯಕ್ಕೆ ಆ ಗೋಜು ಬೇಡ.

ಲೋಹ ಎಲ್ಲಿಯದು ಎಂಬ ಪ್ರಶ್ನೆಗೆ ಈಗ ಬೆಲೆ ಬಂದಿದೆ. 2022ರ ಮಾರ್ಚ್‌ನಲ್ಲಿ ಲಂಡನ್ ಬುಲಿಯನ್ ಮಾರುಕಟ್ಟೆ ಸಂಘ ರಷ್ಯಾದ ರಿಫೈನರಿಗಳನ್ನು ತನ್ನ ಮಾನ್ಯತಾ ಪಟ್ಟಿಯಿಂದ ಅಮಾನತು ಮಾಡಿತು. ನಿಮ್ಮ ಉತ್ಪನ್ನ ರಫ್ತಾಗುವುದಾದರೆ ಮೂಲದ ಪತ್ರವನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಚಿನ್ನದ ಗಟ್ಟಿ ಬಂದಾಗ ಪರೀಕ್ಷೆ ಹೇಗೆ? ಕೈಯಲ್ಲಿ ಹಿಡಿಯುವ ಎಕ್ಸ್-ರೇ ಉಪಕರಣ ಅನುಕೂಲದ್ದೇ, ಆದರೆ ಅದು ನೋಡುವುದು ಮೇಲ್ಮೈಯ ಕೆಲವು ಮೈಕ್ರಾನ್ ಮಾತ್ರ. ಚಿನ್ನದ ಸಾಂದ್ರತೆ 19.3, ಟಂಗ್‌ಸ್ಟನ್‌ನದು 19.25. ಚಿನ್ನ ಹೊದಿಸಿದ ಟಂಗ್‌ಸ್ಟನ್ ತಕ್ಕಡಿಯನ್ನೂ ಎಕ್ಸ್-ರೇಯನ್ನೂ ದಾಟಿ ಬರಬಲ್ಲದು. ಅನುಮಾನ ಬಂದರೆ ಅಲ್ಟ್ರಾಸೌಂಡ್ ಹಿಡಿಯಿರಿ, ಇಲ್ಲವೇ ಕೊರೆದು ನೋಡಿ.

ಇನ್ನು ಬಹಳ ಜನ ಬಿಟ್ಟುಬಿಡುವ ಭಾಗ: ಬಳಸಿ ಉಳಿದದ್ದರ ಲೆಕ್ಕ. ಅಮೂಲ್ಯ ಲೋಹದ ನಿಜವಾದ ಖರ್ಚು ತಿಳಿಯಬೇಕಾದರೆ ಕೊಟ್ಟ ಹಣದಲ್ಲಿ ಮರಳಿ ಬಂದದ್ದನ್ನು ಕಳೆಯಬೇಕು. ತೆಳುಪದರ ಲೇಪಿಸುವ ಯಂತ್ರದಲ್ಲಿ ಕೂರುವ ಚಿನ್ನದ ಬಿಲ್ಲೆಯನ್ನು ತೆಗೆದು ನೋಡಿ. ಮಧ್ಯೆ ಉಂಗುರದಂತೆ ಒಂದು ಕಾಲುವೆ ಸವೆದಿರುತ್ತದೆ. ಕಾಲುವೆಯ ತಳ ತೀರಾ ತೆಳುವಾದ ಮೇಲೆ ಬಿಲ್ಲೆಯನ್ನು ಬದಲಿಸಲೇಬೇಕು. ಆಗ ಒಳಗೂ ಹೊರಗೂ ಅಂಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಚಿನ್ನ ಹಾಗೇ ಉಳಿದಿರುತ್ತದೆ. ಯಂತ್ರದ ಒಳಗೋಡೆಗೆ ಹೊದಿಸಿದ ಹಾಳೆಯ ಮೇಲೂ ಚಿನ್ನ ಕೂತಿರುತ್ತದೆ. ಅದನ್ನು ಸುತ್ತಿ ಕಸಕ್ಕೆ ಎಸೆಯುವ ಪ್ರಯೋಗಾಲಯಗಳನ್ನು ಕಂಡಿದ್ದೇನೆ. ಬಿಲ್ಲೆಯನ್ನು ತಾಮ್ರದ ತಟ್ಟೆಗೆ ಇಂಡಿಯಂ ಎಂಬ ಮೆತ್ತನೆಯ ಲೋಹದಿಂದ ಅಂಟಿಸಿದ್ದರೆ ಅದನ್ನೂ ಬರೆದಿಡಿ. ರಿಫೈನರಿಯವರು ಮೊದಲು ಕೇಳುವುದೇ ಅದನ್ನು.

ಪ್ಲಾಟಿನಂ ಮೂಸೆ ಹಳತಾಗಿ ಸೊಟ್ಟಗಾದರೂ ತೂಕ ಹೆಚ್ಚೇನೂ ಇಳಿದಿರುವುದಿಲ್ಲ. ಹಳತನ್ನು ಕೊಟ್ಟು, ಸವೆದ ಚೂರಿನ ಬೆಲೆಯನ್ನೂ ಮಜೂರಿಯನ್ನೂ ಕೊಟ್ಟರೆ ಹೊಸತು ಬರುತ್ತದೆ. ಈ ವಿನಿಮಯದ ಷರತ್ತು ಮೊದಲ ಆರ್ಡರ್‌ನಲ್ಲೇ ಇರಲಿ. ಹಾಗೆಯೇ ಬಿಸಿ ಮೂಸೆಯನ್ನು ಕಬ್ಬಿಣದ ಇಕ್ಕಳದಲ್ಲಿ ಹಿಡಿಯಬೇಡಿ, ಸೀಸ ಅಥವಾ ರಂಜಕ ಬಿಡುಗಡೆಯಾಗುವಂಥದ್ದನ್ನು ಅದರಲ್ಲಿ ಕಾಯಿಸಬೇಡಿ. ತೂತು ಬಿದ್ದ ಮೂಸೆಗಳಲ್ಲಿ ಹೆಚ್ಚಿನವು ಈ ಕಾರಣಕ್ಕೇ ಹಾಳಾದವು.

ಬಳಸಿದ ಕ್ಯಾಟಲಿಸ್ಟನ್ನು ಲೋಹವಾರು ಬೇರೆಬೇರೆ ಡಬ್ಬಿಯಲ್ಲಿ ಹಾಕಿ, ಒದ್ದೆಯಾಗಿಯೇ ಮುಚ್ಚಿಡಿ. ಪಲೇಡಿಯಂ ಡಬ್ಬಿಗೆ ಪಾದರಸವೋ ಆರ್ಸೆನಿಕ್ಕೋ ಸೇರಿದರೆ ರಿಫೈನರಿ ದಂಡ ಹಾಕುತ್ತದೆ, ಇಲ್ಲವೇ ಡಬ್ಬಿಯನ್ನೇ ವಾಪಸ್ ಕಳಿಸುತ್ತದೆ. ಪ್ರತಿ ಲಾಟ್‌ಗೆ ಒಂದು ಕನಿಷ್ಠ ಶುಲ್ಕ ಇರುವುದರಿಂದ ಚೂರುಪಾರು ಕಳಿಸಿದರೆ ಬರುವ ಹಣವನ್ನೆಲ್ಲ ಶುಲ್ಕವೇ ನುಂಗುತ್ತದೆ. ಒಂದೇ ಸಂಸ್ಥೆಯ ನಾಲ್ಕು ವಿಭಾಗಗಳು ಒಟ್ಟಿಗೆ ಕಳಿಸುವುದು ಲಾಭ.

ಕಳಿಸುವ ಮುನ್ನ ಒಪ್ಪಂದದಲ್ಲಿ ನಾಲ್ಕು ಮಾತು ನೋಡಿಕೊಳ್ಳಿ. ಸಿಕ್ಕ ಲೋಹದಲ್ಲಿ ಶೇಕಡಾ ಎಷ್ಟನ್ನು ನಿಮಗೆ ಕೊಡುತ್ತಾರೆ, ಎಷ್ಟು ವಾರಕ್ಕೆ ಕೊಡುತ್ತಾರೆ, ಯಾವ ದಿನದ ದರಕ್ಕೆ ಕೊಡುತ್ತಾರೆ, ಹಣದ ಬದಲು ಲೋಹವನ್ನೇ ನಿಮ್ಮ ಖಾತೆಗೆ ಜಮಾ ಮಾಡುತ್ತಾರೆಯೇ. ಕೊನೆಯದು ಸಾಧ್ಯವಿದ್ದರೆ ಅದನ್ನೇ ಆರಿಸಿ, ಮುಂದಿನ ಖರೀದಿಗೆ ದರದ ಚಿಂತೆ ಅಷ್ಟರಮಟ್ಟಿಗೆ ಇರುವುದಿಲ್ಲ. ಇನ್ನು ಮಾದರಿ ತೆಗೆಯುವ ವಿಷಯ. ಸುಟ್ಟು, ಅರೆದು, ಸಮವಾಗಿ ಬೆರೆಸಿದ ಪುಡಿಯಿಂದ ಮೂರು ಮಾದರಿ ತೆಗೆಸಿ. ಒಂದು ಅವರಿಗೆ, ಒಂದು ನಿಮಗೆ. ಮೂರನೆಯದಕ್ಕೆ ಇಬ್ಬರೂ ಸೇರಿ ಮೊಹರು ಹಾಕಿ. ಎರಡು ವರದಿಗಳ ನಡುವೆ ಒಪ್ಪಿದ ಮಿತಿಗಿಂತ ಜಾಸ್ತಿ ಅಂತರ ಬಂದರೆ ಅದು ಮೂರನೆಯ ಪ್ರಯೋಗಾಲಯಕ್ಕೆ ಹೋಗುತ್ತದೆ. ಆ ಪ್ರಯೋಗಾಲಯ ಯಾವುದು, ಖರ್ಚು ಯಾರದು ಅನ್ನುವುದನ್ನು ಡಬ್ಬಿ ನಿಮ್ಮ ಬಾಗಿಲು ದಾಟುವ ಮುಂಚೆಯೇ ಬರೆಸಿಕೊಳ್ಳಿ.