ಕ್ಯಾನ್ಸರ್ ಉಂಟು ಅಂತ ಬರೆದ್ರೆ ಟ್ರಾವೆಲ್ ಇನ್ಶೂರೆನ್ಸ್ ಸಿಕ್ಕುದಿಲ್ವಾ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ಎರಡು ವರ್ಷ ಹಿಂದೆ ಸ್ತನ ಕ್ಯಾನ್ಸರಿಗೆ ಆಪರೇಶನ್, ಕೀಮೋ, ರೇಡಿಯೇಶನ್ ಎಲ್ಲಾ ಆಯ್ತು, ಈಗ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ಚೆಕಪ್. ಅಕ್ಕ ಶಾರ್ಜಾದಲ್ಲಿದ್ದಾಳೆ, ಬಾಣಂತನಕ್ಕೆ ಅಮ್ಮ ಹೋಗ್ಬೇಕು. ಏಜೆಂಟ್ ಹೇಳ್ತಾರೆ ಕ್ಯಾನ್ಸರ್ ವಿಷಯ ಬರೆಯುದು ಬೇಡ, ಬರೆದ್ರೆ ರೇಟು ಜಾಸ್ತಿ, ಇಲ್ಲಾಂದ್ರೆ ರಿಜೆಕ್ಟ್ ಅಂತ. ಕಮ್ಮಿ ರೇಟಿಗೆ ಸರಿಯಾದ್ದು ಸಿಕ್ಲಿಕ್ಕೆ ಎಂತ ಮಾಡುದು? (ಪೆರ್ಲದಿಂದ)

ಉತ್ತರ: ಬರೀಲೇಬೇಕು. ಇದೊಂದರಲ್ಲಿ ದಯವಿಟ್ಟು ಏಜೆಂಟರ ಮಾತು ಕೇಳ್ಬೇಡಿ.

ನಮ್ಮ ಕಾಸರಗೋಡಿನ ಕುಂಬ್ಳೆ, ಬದಿಯಡ್ಕ, ಮಂಜೇಶ್ವರ ಕಡೆ ಗಲ್ಫಲ್ಲಿ ಯಾರೂ ಇಲ್ಲದ ಮನೆ ಕಮ್ಮಿ, ಹಾಗಾಗಿ ಈ ಪ್ರಶ್ನೆ ಆಗಾಗ ಬರ್ತಾ ಇರ್ತದೆ. ನಮ್ಮ ಚಿಕ್ಕಮ್ಮ ಹೊರಟಾಗಲೂ ಇದೇ ಆಗಿತ್ತು. ಫಾರ್ಮ್ ಏಜೆಂಟೇ ತುಂಬಿಸಿ ತಂದಿದ್ರು, ಚಾವಡಿಯಲ್ಲಿ ಕೂತು ಸೈನ್ ಹಾಕುವ ಹೊತ್ತಿಗೆ ನಾನು ಸುಮ್ಮನೆ ಹಿಂದಿನ ಪುಟ ತಿರುಗಿಸಿದೆ, ಮೊದಲೇ ಇರುವ ಕಾಯಿಲೆ ಯಾವುದು ಅಂತ ಕೇಳಿದ ಜಾಗದಲ್ಲಿ ನೀಲಿ ಪೆನ್ನಲ್ಲಿ ‘ನಿಲ್’, ಅಂದ್ರೆ ಏನೂ ಇಲ್ಲ, ಅಂತ ಬರೆದಿತ್ತು. ಪಕ್ಕದಲ್ಲೇ ಅವರ ದಪ್ಪದ ಫೈಲು ಉಂಟು, ಮಂಗಳೂರಲ್ಲಿ ಆಪರೇಶನ್ ಆದ ಡಿಸ್ಚಾರ್ಜ್ ಸಮ್ಮರಿ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನ ರೇಡಿಯೇಶನ್ ಕಾಗದ ಎಲ್ಲ. ಚಿಕ್ಕಮ್ಮ ಕೇಳಿದ್ರು, "ಅಷ್ಟೆಲ್ಲ ಅನುಭವಿಸಿದ್ದು ಇವರ ಲೆಕ್ಕದಲ್ಲಿ ನಿಲ್ಲಾ ಮಗಾ?" ಆ ಫಾರ್ಮ್ ಅಲ್ಲೇ ಹರಿದು ಹೊಸತು ತುಂಬಿಸಿದೆವು.

ಮುಚ್ಚಿಟ್ರೆ ಎಂತ ಆಗ್ತದೆ ಅಂದ್ರೆ, ಅಮ್ಮ ಅಲ್ಲಿ ಬಾತ್‌ರೂಮಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ್ರೂ ಆಸ್ಪತ್ರೆಯವರು ಹಳೇ ಕಾಯಿಲೆ, ಈಗಿನ ಮಾತ್ರೆ ಎಲ್ಲ ಕೇಳಿ ಬರ್ಕೊಳ್ತಾರೆ, ಆ ಪೇಪರ್ ಕ್ಲೇಮಿನ ಜೊತೆ ಕಂಪೆನಿಗೆ ಹೋಗ್ತದೆ, ಆಮೇಲೆ ಫಾರ್ಮಲ್ಲಿ ಸುಳ್ಳು ಬರೆದಿದ್ದೀರಿ, ಪಾಲಿಸಿಯೇ ನಡೆಯುದಿಲ್ಲ ಅಂತ ವಾದ ಮಾಡ್ಲಿಕ್ಕೆ ಅವರಿಗೆ ನಾವೇ ದಾರಿ ಮಾಡಿ ಕೊಟ್ಟ ಹಾಗೆ. ಸೈನ್ ಅಮ್ಮಂದು, ಏಜೆಂಟರದ್ದಲ್ಲ. ಹೇಳಿದ್ರೆ ಲಾಭ ಎಂತ ಅಂತ ಕೇಳ್ಬಹುದು. 2021ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಉಂಟು. ಟ್ರಾವೆಲ್ ಪಾಲಿಸಿ ಮಾಡಿಸಿ ಅಮೆರಿಕಕ್ಕೆ ಹೋದ ಒಬ್ಬರಿಗೆ ಅಲ್ಲಿ ಇಳಿದ ಕೂಡ್ಲೇ ಏರ್‌ಪೋರ್ಟಲ್ಲೇ ಹಾರ್ಟ್ ಅಟ್ಯಾಕ್ ಆಯ್ತು, ಹಳೇ ಕಾಯಿಲೆಯ ಕಾರಣ ಹೇಳಿ ಕಂಪೆನಿ ಕ್ಲೇಮ್ ತಳ್ಳಿ ಹಾಕ್ತು. ಆದ್ರೆ ಅವರು ಶುಗರ್ ಉಂಟು ಅಂತ ಫಾರ್ಮಲ್ಲಿ ಮೊದಲೇ ಬರೆದಿದ್ರು. ಹೇಳಿದ ಕಾಯಿಲೆಯನ್ನು ನೋಡಿ ಅಳೆದೇ ಪಾಲಿಸಿ ಕೊಟ್ಟ ಮೇಲೆ ಅದೇ ಕಾಯಿಲೆಯ ನೆಪ ಹೇಳಿ ಹಿಂದೆ ಸರಿಯುವ ಹಾಗಿಲ್ಲ ಅಂತ ಕೋರ್ಟ್ ಹೇಳ್ತು. ಹಾಗಂತ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬರೆದ ಷರತ್ತು ಮಾಯ ಆಗುದಿಲ್ಲ, ಅದಕ್ಕೇ ಮುಂದಿನ ವಿಷಯ ಮುಖ್ಯ.

ನಮ್ಮ ದೇಶದ ಹೆಚ್ಚಿನ ಟ್ರಾವೆಲ್ ಪಾಲಿಸಿಗಳಲ್ಲಿ ಮೊದಲೇ ಇದ್ದ ಕಾಯಿಲೆಗೆ, ಇವರು ಪಿಇಡಿ ಅನ್ನುದು ಅದಕ್ಕೇ, ಕವರ್ ಇಲ್ಲ, ಇಲ್ಲಾಂದ್ರೆ ಜೀವಕ್ಕೇ ಅಪಾಯ ಅನ್ನುವ ಎಮರ್ಜೆನ್ಸಿಗೆ ಮಾತ್ರ, ಅದೂ ಒಂದು ಮಿತಿ ತನಕ. ಉದಾಹರಣೆಗೆ ಪಾಲಿಸಿ 50,000 ಡಾಲರಿಂದು, ಪಿಇಡಿ ಮಿತಿ ನೂರಕ್ಕೆ ಹತ್ತು ಅಂತ ಇದ್ರೆ ಕ್ಯಾನ್ಸರಿಗೆ ಸಂಬಂಧಪಟ್ಟ ಎಮರ್ಜೆನ್ಸಿಗೆ ಸಿಕ್ಕುದು 5,000 ಡಾಲರ್ ಅಷ್ಟೇ. ಸ್ಥಿತಿ ಹತೋಟಿಗೆ ಬಂದ ಮೇಲೆ ಆಗುವ ಚಿಕಿತ್ಸೆ, ಸ್ಕ್ಯಾನು, ಮಾಮೂಲಿ ಚೆಕಪ್ ಅದರಲ್ಲಿ ಬರುದಿಲ್ಲ. ಡಾಕ್ಟ್ರು ಬೇಡ ಅಂದ ಮೇಲೂ ಹೊರಟ್ರೆ, ಚಿಕಿತ್ಸೆಗೆ ಅಂತಲೇ ಹೋದ್ರೆ, ಆ ಸಣ್ಣ ಕವರೂ ಸಿಕ್ಕುದಿಲ್ಲ. ಕಮ್ಮಿ ರೇಟಿನ ಪಾಲಿಸಿ, ಜಾಸ್ತಿ ರೇಟಿನ ಪಾಲಿಸಿ ಅಂತ ಹೋಲಿಸುವಾಗ ಜನ ಮೇಲಿನ ದೊಡ್ಡ ಮೊತ್ತ ನೋಡ್ತಾರೆ, ನೀವು ಈ ಸಣ್ಣ ಮೊತ್ತ ನೋಡಿ. ಏಜೆಂಟರಿಗೆ ಫೋನಲ್ಲಿ ಕೇಳಿ ಬಿಡ್ಬೇಡಿ, ಬರವಣಿಗೆಯಲ್ಲೇ ಕೇಳಿ: "ನನ್ನ ಅಮ್ಮನಿಗೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಆಗಿದೆ, ಈಗ ಇಂಥ ಮಾತ್ರೆ ತಗೊಳ್ತಾರೆ. ಇದಕ್ಕೆ ಸಂಬಂಧಪಟ್ಟು ಎಮರ್ಜೆನ್ಸಿ ಬಂದ್ರೆ ಈ ಪಾಲಿಸಿಯಲ್ಲಿ ಎಷ್ಟು ಡಾಲರ್ ತನಕ ಕವರ್ ಉಂಟು, ಯಾವ ಪುಟದಲ್ಲಿ ಬರೆದಿದೆ?" ಕಂಪೆನಿಯಿಂದ ಮೇಲ್ ಬಂದ್ರೆ ಅದನ್ನು ಪ್ರಿಂಟ್ ತೆಗೆದಿಡಿ. ಮೂರು ನಾಲ್ಕು ಕಂಪೆನಿಗೆ ಕೇಳಿ, ಸರಕಾರಿ ಕಂಪೆನಿಗಳಿಗೂ ಕೇಳಿ, ಉತ್ತರ ಒಂದೊಂದು ಕಡೆ ಒಂದೊಂದು ನಮೂನೆ ಬರ್ತದೆ. ಒಬ್ಬರು ಇಲ್ಲ ಅಂದ್ರೆ ಎಲ್ಲರೂ ಇಲ್ಲ ಅಂತಲ್ಲ.

ಇನ್ನು ರೇಟು. ಮುಖ್ಯವಾಗಿ ವಯಸ್ಸು, ದಿನ, ದೇಶ ಇದರ ಮೇಲೆ ಅದು ನಿಂತದ್ದು. ಶಾರ್ಜಾಕ್ಕೆ ಹೋಗುವವರಿಗೆ ಅಮೆರಿಕ, ಕೆನಡಾ ಸೇರಿದ ಪಾಲಿಸಿ ಯಾಕೆ, ಅದೆರಡು ಬಿಟ್ಟದ್ದು ಕೇಳಿ, ಅಲ್ಲಿಗೇ ತುಂಬ ಇಳೀತದೆ. ಅಪ್ಪನೂ ಹೋಗುದಾದ್ರೆ ಇಬ್ಬರಿಗೂ ಬೇರೆ ಬೇರೆ ಪಾಲಿಸಿಗೂ ರೇಟ್ ಕೇಳಿ ನೋಡಿ. ಟ್ರಿಪ್ ಕ್ಯಾನ್ಸಲ್ ಕವರಿಗೆ ಜಾಸ್ತಿ ದುಡ್ಡು ಹಾಕುದು ನನಗಂತೂ ಇಷ್ಟ ಇಲ್ಲ, ಹಳೇ ಕಾಯಿಲೆ ತಿರುಗಿ ಬಂದು ಟ್ರಿಪ್ ನಿಂತ್ರೆ ಸಾಮಾನ್ಯವಾಗಿ ಅದು ಕೊಡುದಿಲ್ಲ, ಅದರ ಬದ್ಲು ಡೇಟ್ ಚೇಂಜ್ ಮಾಡ್ಲಿಕ್ಕೆ ಬಿಡುವ ಟಿಕೆಟ್ ತಗೊಳ್ಳಿ. ಪಾಲಿಸಿ ಊರಲ್ಲಿರುವಾಗಲೇ ಮಾಡ್ಬೇಕು, ವಿಮಾನ ಹತ್ತಿದ ಮೇಲೆ ಕಷ್ಟ.

ಕವರಿಗೆ ಬಾರದ ಪಾಲು ಉಂಟಲ್ಲಾ, ಅದಕ್ಕೆ ಮನೆಯವರೇ ತಯಾರಿರಬೇಕು. ಚಿಕ್ಕಮ್ಮನ ಮಗ ಒಂದಿಷ್ಟು ದುಡ್ಡು ಬೇರೆ ಇಟ್ಟಿದ್ದ, ಅದನ್ನು ಮುಟ್ಟುವ ಅಗತ್ಯ ಬರ್ಲಿಲ್ಲ, ಆದ್ರೆ ಅವರು ಅಲ್ಲಿದ್ದ ಆರು ವಾರ ನಮಗೆಲ್ಲ ನಿದ್ದೆ ಬಂದದ್ದು ಆ ದುಡ್ಡಿಂದ. ಸರಕಾರದ ಆರೋಗ್ಯ ಕಾರ್ಡು, 5 ಲಕ್ಷದ್ದು, ವಿದೇಶದಲ್ಲಿ ನಡೆಯುದಿಲ್ಲ. ಕಾಶಿ, ರಾಮೇಶ್ವರ ಅಂತ ದೇಶದ ಒಳಗೇ ಹೋಗುದಾದ್ರೆ ಮಾತು ಬೇರೆ, ಮನೆಯ ಹೆಲ್ತ್ ಪಾಲಿಸಿಯೇ ಅಲ್ಲೂ ಕೆಲಸ ಮಾಡ್ತದೆ. ರೈಲು ಟಿಕೆಟ್ ಜೊತೆ ಬರುವ 45 ಪೈಸೆಯ ಇನ್ಶೂರೆನ್ಸ್ ಅಪಘಾತಕ್ಕೆ ಮಾತ್ರ, ಕಾಯಿಲೆಗಲ್ಲ. ನಾಳೆ ಅಮ್ಮ ಯುರೋಪಿಗೆ ಹೋಗುದಾದ್ರೆ ಷೆಂಗೆನ್ ವೀಸಾಕ್ಕೆ 30,000 ಯೂರೋ ಕವರ್ ಕಡ್ಡಾಯ, ಆ ಪಾಲಿಸಿ ತೋರಿಸಿದ್ರೆ ವೀಸಾ ಸಿಕ್ಬಹುದು, ಕ್ಯಾನ್ಸರಿಗೆ ಅದರಲ್ಲಿ ಕವರ್ ಉಂಟು ಅಂತ ಅರ್ಥ ಅಲ್ಲ.

ಹೊರಡುವ ಮೊದಲು ಕ್ಯಾನ್ಸರ್ ನೋಡುವ ಡಾಕ್ಟ್ರಿಂದ ಒಂದು ಪುಟದ ಲೆಟರ್ ತಗೊಳ್ಳಿ, ಕಾಯಿಲೆ ಎಂತ, ಚಿಕಿತ್ಸೆ ಯಾವಾಗ ಮುಗಿದದ್ದು, ಮಾತ್ರೆ ಯಾವುದು, ಪ್ರಯಾಣ ಮಾಡ್ಬಹುದು ಅಂತ. ಮಾತ್ರೆ ಟ್ಯಾಮಾಕ್ಸಿಫೆನ್ ಆದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಜಾಸ್ತಿ, ವಿಮಾನದ ಬಗ್ಗೆ ಕೇಳಿಯೇ ಬನ್ನಿ. ನೋವಿಗೆ ಮಾರ್ಫಿನ್, ಟ್ರಾಮಡಾಲ್ ಏನಾದ್ರೂ ಇದ್ರೆ ಯುಎಇಗೆ ಒಯ್ಲಿಕ್ಕೆ ಅಲ್ಲಿಯ ಸರಕಾರದ ಪರ್ಮಿಶನ್ ಮೊದಲೇ ಬೇಕು, ಇದರಲ್ಲಿ ಉದಾಸೀನ ಬೇಡವೇ ಬೇಡ. ಅಲ್ಲಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದ್ರೆ ಪಾಲಿಸಿಯಲ್ಲಿರುವ ನಂಬರಿಗೆ ಕೂಡ್ಲೇ ಫೋನ್ ಮಾಡ್ಲಿಕ್ಕೆ ಅಕ್ಕನಿಗೆ ಹೇಳಿಡಿ.

ಎಲ್ಲ ಸರಿ ಬರೆದೂ ಕ್ಲೇಮ್ ತಳ್ಳಿ ಹಾಕಿದ್ರೆ ಮೊದಲು ಕಂಪೆನಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ರೆ, ಬಂದದ್ದು ಒಪ್ಪಿಗೆ ಆಗದಿದ್ರೆ ಎರ್ನಾಕುಳಂನ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದ್ರೆ ಇನ್ಶೂರೆನ್ಸ್ ದೂರು ಕೇಳುವ ಅಧಿಕಾರಿ, ಅವರಿಗೆ ದೂರು ಕೊಡಿ, ನಾವು ಕೇರಳದಲ್ಲಿ ಇರುವ ಕಾರಣ ನಮಗೆ ಅವರೇ. ಫೀಸಿಲ್ಲ, ವಕೀಲರು ಬೇಡ, 50 ಲಕ್ಷ ತನಕ ಪರಿಹಾರ ಹೇಳುವ ಅಧಿಕಾರ ಉಂಟು.

ಈಗ ಮೊದಲು ಮಾಡ್ಬೇಕಾದ್ದು, ಅಕ್ಕನ ಹೆರಿಗೆ ಡೇಟು, ಅಮ್ಮನ ಚೆಕಪ್ ಡೇಟು ಎರಡನ್ನೂ ಕ್ಯಾಲೆಂಡರಲ್ಲಿ ಗುರುತು ಹಾಕಿ ನೋಡುದು. ಚೆಕಪ್ ಮುಗಿಸಿ, ರಿಪೋರ್ಟ್ ಕೈಗೆ ಬಂದ ವಾರದಲ್ಲಿ ಹೊರಡುವ ಹಾಗೆ ಆದ್ರೆ ಡಾಕ್ಟ್ರ ಲೆಟರೂ ಹೊಸತಿರ್ತದೆ, ಮುಂದಿನ ಚೆಕಪ್ಪಿಗೆ ಅಮ್ಮ ಊರಿಗೆ ತಿರುಗಿ ಬಂದಿರ್ತಾರೆ.