ಕಣ್ಣಿಗೆ ಕಾಣುವ ಎಂಜಿನ್, ಕೈಗೆ ಸಿಗದ ಎಂಜಿನ್

ಹಳೆಯ ಹಾಯಿದೋಣಿಯೊಂದನ್ನು ನೋಡಿ ಹೇಳಿ ಎಂದು ಯಾರಾದರೂ ಕರೆದರೆ ನಾನು ಮೊದಲು ಬಗ್ಗಿ ನೋಡುವುದು ಎಂಜಿನ್ನನ್ನು ಮುಚ್ಚಿರುವ ಹಲಗೆಯ ತಿರುಪುಗಳನ್ನು. ತಿರುಪಿನ ತಲೆಯ ಗೀರಿನಲ್ಲಿ ವಾರ್ನಿಶ್ ತುಂಬಿ ಗಟ್ಟಿಯಾಗಿದ್ದರೆ ಆ ಕಡೆಗೆ ವರ್ಷಗಳಿಂದ ಯಾರೂ ಸುಳಿದಿಲ್ಲ. ಗೀರು ಸವೆದು ಬಟ್ಟಲಿನಂತಾಗಿದ್ದರೆ ಸುಳಿದಿದ್ದಾರೆ, ಆದರೆ ಸಿಟ್ಟಿನಲ್ಲಿ. ಎರಡರಲ್ಲಿ ಯಾವುದು ಕಂಡರೂ ಒಳಗಿರುವುದರ ಅರ್ಧ ಕತೆ ತಿಳಿದಂತೆಯೇ.

ಈ ದೋಣಿಗಳನ್ನು ಕಟ್ಟಿದವರು ದಡ್ಡರಲ್ಲ. 1960 ಮತ್ತು 70ರ ದಶಕಗಳ ಫೈಬರ್‌ಗ್ಲಾಸ್ ದೋಣಿಗಳಲ್ಲಿ ಒಡಲನ್ನು ಅಚ್ಚಿನಿಂದ ತೆಗೆದ ಮೇಲೆ ಎಂಜಿನ್, ಟ್ಯಾಂಕ್, ಒಳಗಿನ ಮರಗೆಲಸ ಎಲ್ಲವನ್ನೂ ಮೇಲಿನಿಂದ ಇಳಿಸಿ, ಕೊನೆಗೆ ಡೆಕ್ ಎಂಬ ಮುಚ್ಚಳವನ್ನು ಕೂರಿಸುವುದು ಸಾಮಾನ್ಯವಾಗಿತ್ತು. ಮುಚ್ಚಳ ಬೀಳುವವರೆಗೆ ಎಂಜಿನ್ನಿನ ಸುತ್ತ ಓಡಾಡಲು ಜಾಗವಿತ್ತು. ಬಿದ್ದ ಮೇಲೆ ಅದು ಒಳಕೋಣೆಗೆ ಇಳಿಯುವ ಮೆಟ್ಟಿಲುಗಳ ಹಿಂದೆ, ಚುಕ್ಕಾಣಿ ಹಿಡಿದು ಕೂರುವ ತೆರೆದ ಜಾಗವಾದ ಕಾಕ್‌ಪಿಟ್ಟಿನ ನೆಲದಡಿ ಸೇರಿಹೋಯಿತು. ಇದರ ಮೇಲೆ ಇನ್ನೊಂದು ತೊಡಕೂ ಇದೆ. ಆ ಕಾಲದ ಅನೇಕ ದೋಣಿಗಳಲ್ಲಿ ಅಟಾಮಿಕ್ 4ರಂತಹ ಪೆಟ್ರೋಲ್ ಎಂಜಿನ್ ಇತ್ತು. ಮುಂದೆ ಬಂದ ಮಾಲೀಕರು ಅದನ್ನು ತೆಗೆದು ಡೀಸೆಲ್ ಎಂಜಿನ್ ಕೂರಿಸಿದರು. ಪೆಟ್ಟಿಗೆ ಮಾತ್ರ ಹಳೆಯದೇ ಉಳಿಯಿತು. ಹಳೆಯ ಎಂಜಿನ್ನಿನ ಪಂಪಿಗೆ ಎದುರಾಗಿ ಇಟ್ಟಿದ್ದ ಕಿಂಡಿ ಈಗ ಹೊಸ ಎಂಜಿನ್ನಿನ ಬರಿಯ ಕಬ್ಬಿಣದ ಪಕ್ಕೆಯನ್ನು ತೋರಿಸುತ್ತಾ ಕುಳಿತಿರುತ್ತದೆ.

ಅಂತಹ ಒಂದು ದೋಣಿಯ ದಾಖಲೆ ಪುಸ್ತಕವನ್ನು ಮಾಲೀಕರು ಹೆಮ್ಮೆಯಿಂದ ನನ್ನ ಮುಂದಿಟ್ಟಿದ್ದರು. ಆಯಿಲ್ ಬದಲಾವಣೆ ಪ್ರತಿ ವರ್ಷ, ಬೆಲ್ಟ್ ಎರಡು ಸಲ, ಫಿಲ್ಟರ್ ತಪ್ಪದೆ. ಇಂಪೆಲ್ಲರ್ ಎಂಬ ಪದ ಮಾತ್ರ ಆರು ವರ್ಷಗಳ ಪುಟಗಳಲ್ಲಿ ಒಮ್ಮೆಯೂ ಇರಲಿಲ್ಲ. ಸಮುದ್ರದ ನೀರನ್ನು ಎಳೆದು ಎಂಜಿನ್ನನ್ನು ತಂಪಾಗಿಡುವ ಪಂಪಿನ ಒಳಗೆ ತಿರುಗುವ ರಬ್ಬರ್ ಚಕ್ರ ಅದು. ಆ ಪಂಪಿನ ಮುಚ್ಚಳ ಎಂಜಿನ್ನಿನ ಹಿಂಬದಿಗೆ ಮುಖ ಮಾಡಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಆ ಮುಚ್ಚಳದ ಆರು ತಿರುಪುಗಳಿಗಂತೂ ಬೇಕಾಯಿತು. ಹಾಸಿಗೆಯ ಮೇಲೆ ಪಕ್ಕಕ್ಕೆ ಮಲಗಿ, ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಗಿಡ್ಡ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೇ ಬಿಚ್ಚಿದೆ. ಐದನೆಯದು ಬೆರಳಿನಿಂದ ಜಾರಿ ದೋಣಿಯ ತಳದ ಕಪ್ಪು ನೀರಿಗೆ ಬಿತ್ತು, ಮತ್ತೆ ಸಿಗಲಿಲ್ಲ. ಚಕ್ರ ಹೊರಬಂದಾಗ ಅದರಲ್ಲಿ ಮೂರು ರೆಕ್ಕೆಗಳಿರಲಿಲ್ಲ. ಕಳಚಿದ ತುಂಡುಗಳು ನೀರಿನೊಂದಿಗೆ ಸಾಗಿ, ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಿಗೆ ಅಡ್ಡ ಕುಳಿತಿದ್ದವು. ಮಾಲೀಕರು ಸೋಮಾರಿಯಾಗಿರಲಿಲ್ಲ; ಕೈ ಹೋಗುವ ಕೆಲಸಗಳನ್ನೆಲ್ಲ ಮಾಡಿದ್ದರು.

ಆದ್ದರಿಂದ ಎಂಜಿನ್ನಿಗೆ ಕೈ ಹೋಗುವಂತೆ ಹೊಸ ಕಿಂಡಿ ಕೊಯ್ಯಲು ಗರಗಸ ಎತ್ತುವ ಮೊದಲು ಒಂದು ಪಟ್ಟಿ ಬರೆಯಿರಿ ಎನ್ನುತ್ತೇನೆ. ಎಂಜಿನ್ನಿನ ಭಾಗಗಳ ಪಟ್ಟಿಯಲ್ಲ, ಕೆಲಸಗಳ ಪಟ್ಟಿ: ಇಂಪೆಲ್ಲರ್ ಬದಲಿಸುವುದು, ಡೀಸೆಲ್ ಕೊಳವೆಯಿಂದ ಗಾಳಿ ತೆಗೆಯುವುದು, ಆಲ್ಟರ್ನೇಟರ್ ಬೆಲ್ಟ್ ಬಿಗಿಯುವುದು, ಪ್ರೊಪೆಲ್ಲರಿನ ಶಾಫ್ಟ್ ಹೊರಹೋಗುವ ಕಡೆ ನೀರು ಒಳನುಗ್ಗದಂತೆ ತಡೆಯುವ ಗ್ಲ್ಯಾಂಡಿನ ನಟ್ ತಿರುಗಿಸುವುದು. ಪ್ರತಿಯೊಂದನ್ನೂ ಈಗಿರುವ ಸ್ಥಿತಿಯಲ್ಲೇ, ಸ್ಪ್ಯಾನರ್ ಹಿಡಿದು, ಮಾಡಲು ಪ್ರಯತ್ನಿಸಿ. ಕೈ ತಲುಪಿದರೆ ಸಾಲದು. ಸ್ಪ್ಯಾನರ್ ಸುತ್ತಲು ಜಾಗ ಬೇಕು, ಗ್ಲ್ಯಾಂಡಿಗಾದರೆ ಎರಡು ಸ್ಪ್ಯಾನರ್ ಏಕಕಾಲಕ್ಕೆ ಎದುರುಬದುರಾಗಿ ಸುತ್ತಬೇಕು. ಮೊಣಕೈ ಎಲ್ಲಿ ತಗಲುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕಿಂಡಿ ಎಲ್ಲಿರಬೇಕು ಎಂಬುದನ್ನು ಹೇಳುವುದು ಆ ಗುರುತುಗಳು. ಬಹುಪಾಲು ಜನ ಕಿಂಡಿಯನ್ನು ಎಂಜಿನ್ ಚೆನ್ನಾಗಿ ಕಾಣುವ ಕಡೆ ತೆಗೆಯುತ್ತಾರೆ. ಭುಜ ಬಂದು ನಿಲ್ಲುವ ಕಡೆ ತೆಗೆಯಬೇಕು. ಅನೇಕ ದೋಣಿಗಳಲ್ಲಿ ಇದು ಹಿಂಬದಿಯ ಪಕ್ಕದ ಹಾಸಿಗೆಗೂ ಎಂಜಿನ್ನಿಗೂ ನಡುವಿನ ಹಲಗೆಯಲ್ಲಿ ಬರುತ್ತದೆ. ಅದಕ್ಕೆ ಎದುರಿನ ಬದಿಯಲ್ಲಿ, ಅಡುಗೆಕಟ್ಟೆಯ ಕಪಾಟಿನ ಬೆನ್ನಿನಲ್ಲಿ, ಮತ್ತೊಂದು ಚಿಕ್ಕದು ಸಾಕಾಗುತ್ತದೆ.

ಆದರೆ ಎಲ್ಲ ಹಲಗೆಯೂ ಬರಿಯ ಹಲಗೆಯಲ್ಲ. ಅದರ ಅಂಚು ಒಡಲನ್ನು ಸೇರುವ ಕಡೆ ಫೈಬರ್‌ಗ್ಲಾಸ್ ಪಟ್ಟಿಗಳಿಂದ ಬೆಸೆದಿದ್ದರೆ ಅದು ದೋಣಿಯ ಎಲುಬು ಎಂದೇ ತಿಳಿಯಿರಿ. ಅಲೆಗೆ ಒಡಲು ತಿರುಚಿಕೊಳ್ಳದಂತೆ ತಡೆಯುವುದು, ಕಾಕ್‌ಪಿಟ್ಟಿನ ಭಾರ ಹೊರುವುದು ಅಂತಹ ಗೋಡೆಗಳೇ. ತಿರುಪಿನಿಂದ ಕೂರಿಸಿದ, ಬೀಡಿಂಗಿನಿಂದ ಅಂಚು ಮುಚ್ಚಿದ ಹಲಗೆಯಾದರೆ ಸಾಮಾನ್ಯವಾಗಿ ಪರದೆಯಷ್ಟೇ. ಅನುಮಾನವಿದ್ದರೆ ಕೊಯ್ಯಬೇಡಿ, ದೋಣಿಯ ರಚನೆ ಬಲ್ಲವರಿಗೆ ತೋರಿಸಿ.

ಕೊಯ್ಯಬಹುದೆಂದು ಖಾತರಿಯಾದ ಮೇಲೂ ಹಿಂದೆ ಏನಿದೆ ಎಂದು ನೋಡದೆ ಅಲಗು ಇಳಿಸಬಾರದು. 8 ಮಿಲಿಮೀಟರ್ ತೂತು ಕೊರೆದು ಮೊಬೈಲಿಗೆ ಜೋಡಿಸುವ ಸಪೂರ ಕ್ಯಾಮೆರಾ ತೂರಿಸಿ. ಡೀಸೆಲ್ ಕೊಳವೆ, ಬ್ಯಾಟರಿ ತಂತಿ, ಸ್ಟಿಯರಿಂಗಿನ ಕೇಬಲ್ ಇವೆಲ್ಲ ಹಲಗೆಗೆ ಬೆನ್ನು ಕೊಟ್ಟೇ ಓಡುತ್ತವೆ. ಬ್ಯಾಟರಿಯ ಸಂಪರ್ಕ ಮೊದಲು ಕಳಚಿ. ಕೊಯ್ಯುವ ಮುನ್ನ ರಟ್ಟಿನಲ್ಲಿ ಕಿಂಡಿಯ ಆಕಾರ ಕತ್ತರಿಸಿ ಅಂಟಿಸಿ, ಎರಡು ದಿನ ಹಾಗೆಯೇ ಬಿಡಿ. ಗಾತ್ರ ಸಾಲದೆಂದು ಎರಡನೆಯ ದಿನವೇ ತಿಳಿಯುತ್ತದೆ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ತಿರುಗಿಸಿ, ಬಿರುಕು ಹುಟ್ಟುವುದೇ ಚೂಪು ಮೂಲೆಯಲ್ಲಿ. ಕೊಯ್ದ ಪ್ಲೈವುಡ್ಡಿನ ಬೆತ್ತಲೆ ಅಂಚಿಗೆ ಎಪಾಕ್ಸಿ ಅಂಟು ಕುಡಿಸದೆ ಬಾಗಿಲು ಕೂರಿಸಬೇಡಿ. ಫೈಬರ್‌ಗ್ಲಾಸ್ ದೂಳಿಗೆ ಒಳ್ಳೆಯ ಮಾಸ್ಕ್ ಬೇಕು, ಬಟ್ಟೆಯದಲ್ಲ. ಎಂಜಿನ್ನಿನ ಗಾಳಿ ಎಳೆಯುವ ಬಾಯಿಯನ್ನೂ ಆಲ್ಟರ್ನೇಟರನ್ನೂ ಪ್ಲಾಸ್ಟಿಕ್ಕಿನಿಂದ ಮುಚ್ಚಿ ಕಟ್ಟಿರಿ.

ಕಾಕ್‌ಪಿಟ್ಟಿನ ನೆಲದಲ್ಲೇ ದೊಡ್ಡ ಮುಚ್ಚಳ ಮಾಡಿಬಿಡೋಣ, ಮೇಲಿನಿಂದ ಎಲ್ಲವೂ ಸಿಗುತ್ತದೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ನಾನು ಅದನ್ನು ಆದಷ್ಟು ತಡೆಯುತ್ತೇನೆ. ಆ ನೆಲ ಸಾಮಾನ್ಯವಾಗಿ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಮಾಡಿದ್ದು. ಕೊಯ್ದ ಅಂಚಿನಿಂದ ನೀರು ಒಮ್ಮೆ ಒಳಗಿಳಿದರೆ ಕಾಲಡಿಯ ನೆಲ ಕೊಳೆಯುತ್ತಾ ಹೋಗುತ್ತದೆ. ಅಂಚಿನ ಒಳಮರವನ್ನು ಒಂದೂವರೆ ಸೆಂಟಿಮೀಟರಿನಷ್ಟು ಕೆರೆದು ಗಟ್ಟಿ ಎಪಾಕ್ಸಿ ತುಂಬಬೇಕು, ಸುತ್ತ ನೀರುಗಾಲುವೆ ಬೇಕು, ಅದಕ್ಕೆ ಹೊರಗೆ ಹರಿಯುವ ಕೊಳವೆ ಬೇಕು, ಇಷ್ಟಾದ ಮೇಲೂ ಹಿಂದಿನಿಂದ ಬಂದ ಅಲೆ ಕಾಕ್‌ಪಿಟ್ಟನ್ನು ತುಂಬಿದಾಗ ಆ ಮುಚ್ಚಳ ಅಲುಗಬಾರದು. ಎಂಜಿನ್ನನ್ನೇ ಹೊರತೆಗೆಯುವ ಸಂದರ್ಭಕ್ಕಾಗಿ, ಬೋಲ್ಟ್ ಹಾಕಿ ಸೀಲಂಟಿನಿಂದ ಮುಚ್ಚಿದ ಮುಚ್ಚಳವಾದರೆ ಸರಿ. ವಾರಕ್ಕೊಮ್ಮೆ ತೆರೆಯುವ ಬಾಗಿಲಾಗಿ ಬೇಡ.

ಮೆಟ್ಟಿಲಿನ ವಿಷಯದಲ್ಲಿ ಎರಡು ವಿರುದ್ಧ ಬೇಡಿಕೆಗಳಿವೆ. ಉಪಕರಣವಿಲ್ಲದೆ, ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ದೋಣಿ ಪಕ್ಕಕ್ಕೆ ಮಗುಚಿದರೂ ಕಳಚಿ ಹಾರಬಾರದು. ತಿರುಪುಗಳನ್ನು ಕಿತ್ತು ಎರಡು ಬದಿಗೂ ದಪ್ಪ ಚಿಲಕ ಹಾಕಿದರೆ ಎರಡೂ ನೆರವೇರುತ್ತವೆ. ಭಾರವಾದ ಹಲಗೆಗೆ ಕೀಲು ಇರಲಿ. ಓಲಾಡುವ ದೋಣಿಯಲ್ಲಿ ಬಿಡಿ ಹಲಗೆ ಎತ್ತಿ ಇಡಲು ಜಾಗ ಹುಡುಕುವಷ್ಟರಲ್ಲಿ ಕಾಲಿನ ಮೇಲೆ ಬೀಳುತ್ತದೆ. ಹೊಸ ಕಿಂಡಿಯಿಂದ ಸದ್ದು ಬರುತ್ತದೆಂದು ಸುತ್ತ ರಬ್ಬರ್ ಹಚ್ಚಿ ಬಿಗಿಯುವಾಗ ಎಂಜಿನ್ನೂ ಉಸಿರಾಡುತ್ತದೆ ಎಂಬುದು ನೆನಪಿರಲಿ. ಪೂರ್ತಿ ವೇಗದಲ್ಲಿ ಓಡಿಸಿ, ಮುಚ್ಚಿದ ಬಾಗಿಲನ್ನು ತೆರೆದ ಕೂಡಲೇ ಎಂಜಿನ್ನಿನ ವೇಗ ಏರಿದರೆ ಅದಕ್ಕೆ ಗಾಳಿ ಸಾಲುತ್ತಿಲ್ಲ. ಬಾಗಿಲಿನಲ್ಲಿ ಬೆಂಕಿ ಆರಿಸುವ ಸಿಲಿಂಡರಿನ ಮೂತಿ ತೂರುವಷ್ಟು ತೂತನ್ನೂ ಅದಕ್ಕೊಂದು ಪುಟ್ಟ ಮುಚ್ಚಳವನ್ನೂ ಮಾಡಿ. ಒಳಗೆ ಬೆಂಕಿ ಹತ್ತಿದಾಗ ಬಾಗಿಲು ತೆರೆದರೆ ಗಾಳಿಯನ್ನು ನಾವೇ ಊದಿದಂತೆ.

ಗೋಡೆಯನ್ನು ಕೊಯ್ಯುವ ಬದಲು ಸಾಮಾನನ್ನೇ ಸರಿಸಬಹುದಾದ ಕಡೆ ಸರಿಸುವುದು ಮೇಲು. ಮೊದಲ ಡೀಸೆಲ್ ಫಿಲ್ಟರ್ ಎಂಜಿನ್ನಿನ ಹಿಂದೆಯೇ ಇರಬೇಕೆಂದಿಲ್ಲ. ನಿಂತು ನೋಡುವ ಎತ್ತರಕ್ಕೆ ತಂದು, ಅದರ ತಳದ ಬಟ್ಟಲಿನ ಕೆಳಗೆ ಒಂದು ಗಾಜಿನ ಜಾಡಿ ಹಿಡಿಯುವಷ್ಟು ಜಾಗ ಬಿಡಿ. ಆ ಬಟ್ಟಲಿನ ತಳದಲ್ಲಿ ನೀರು ನಿಂತಿದೆಯೇ ಎಂದು ಹೊರಡುವ ಮೊದಲು ಒಂದು ನೋಟಕ್ಕೆ ತಿಳಿಯುತ್ತದೆ. ಆಯಿಲ್ ಫಿಲ್ಟರನ್ನು ದೂರಕ್ಕೆ ಒಯ್ಯುವ ಕೊಳವೆಗಳೂ ಸಿಗುತ್ತವೆ, ನಾನು ಹಾಕುವುದಿಲ್ಲ. ಒತ್ತಡದಲ್ಲಿ ಬಿಸಿ ಆಯಿಲ್ ಹರಿಯುವ ಎರಡು ಕೊಳವೆಗಳು ಹೆಚ್ಚಾದರೆ ಒಡೆಯಬಹುದಾದ ಕಡೆಗಳೂ ಹೆಚ್ಚಾಗುತ್ತವೆ, ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ಅಷ್ಟು ಬೇಡ. ಹಳೆಯ ಆಯಿಲನ್ನು ಎಂಜಿನ್ ಬೆಚ್ಚಗಿರುವಾಗ ಅಳತೆಕಡ್ಡಿಯ ಕೊಳವೆಯಿಂದಲೇ ಪಂಪಿನಲ್ಲಿ ಎಳೆಯಬಹುದು.

ರೆಕ್ಕೆ ಕಳೆದುಕೊಂಡ ಇಂಪೆಲ್ಲರಿನ ಆ ದೋಣಿಗೆ ಹಾಸಿಗೆಯ ಬದಿಯಲ್ಲಿ 40 ಸೆಂಟಿಮೀಟರ್ ಅಗಲದ ಬಾಗಿಲು ಇಟ್ಟೆವು, ಒಳಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದೆವು. ಮುಂದಿನ ಇಂಪೆಲ್ಲರನ್ನು ಮಾಲೀಕರು ತಾವೇ ಬದಲಿಸಿದರು. ಪಂಪಿನ ಕೆಳಗೆ ಹಳೆಯ ಟವೆಲ್ ಹಾಸಿದ್ದರಿಂದ ತಿರುಪುಗಳು ಆರೂ ಉಳಿದವು. ಗೇರ್‌ಬಾಕ್ಸಿನ ಅಳತೆಕಡ್ಡಿ ಮಾತ್ರ ಇನ್ನೂ ಒಳಗಿನಿಂದ ಸಿಗುವುದಿಲ್ಲ. ಕಾಕ್‌ಪಿಟ್ಟಿನ ಸಾಮಾನು ಪೆಟ್ಟಿಗೆಯನ್ನು ಖಾಲಿ ಮಾಡಿ ತಲೆಕೆಳಗಾಗಿ ಇಳಿಯಬೇಕು. ಅದಕ್ಕೂ ಒಂದು ಕಿಂಡಿ ಮಾಡಿಕೊಡಿ ಎಂದು ಅವರು ಪ್ರತಿ ಸಲ ಕೇಳುತ್ತಾರೆ. ನಡುವೆ ಇರುವ ಗೋಡೆಯ ಅಂಚಿನ ಬೆಸುಗೆ ಪಟ್ಟಿಯನ್ನು ನಾನು ಪ್ರತಿ ಸಲವೂ ಟಾರ್ಚ್ ಹಾಕಿ ತೋರಿಸುತ್ತೇನೆ.